ಕೀಳು ತಳಿ ಅನ್ನಿಸಿಕೊಂಡ ದನ

ನಾವು ಓದಿದ ಚರಿತ್ರೆಯಲ್ಲಿ ರಾಜರ ಕುದುರೆಗೆ ಹೆಸರಿದೆ, ಆನೆಗೆ ಅಂಬಾರಿ ಇದೆ. ದನಕ್ಕೆ ಚರಿತ್ರೆ ಇಲ್ಲ, ದನ ಕಾಯೋರಿಗೂ ಇಲ್ಲ. ಅದಕ್ಕೇ ದಕ್ಷಿಣ ಆಫ್ರಿಕದ ನ್ಗುನಿ ದನದ ಕತೆ ಹೇಳುತ್ತಿದ್ದೇವೆ.

ಜುಲು, ಕ್ಸೋಸಾ, ಸ್ವಾಜಿ ಜನರನ್ನು ಒಟ್ಟಾಗಿ ನ್ಗುನಿ ಅನ್ನುತ್ತಾರೆ. ಅವರ ಹಿರೀಕರು ಸಾವಿರ ವರ್ಷಕ್ಕೂ ಹಿಂದೆ ದನ ಹೊಡಕೊಂಡು ದಕ್ಷಿಣಕ್ಕೆ ಬಂದವರು. ಬಿಸಿಲು, ಬರ, ಉಣ್ಣಿ ತಾಳಿದ ದನ ಉಳೀತು, ತಾಳದ್ದು ಸತ್ತಿತು. ಹಾಗೆ ಉಳಿದದ್ದೇ ಈ ತಳಿ. ಸಣ್ಣ ಮೈ, ಮಿರುಗುವ ಗಿಡ್ಡ ಕೂದಲು. ಹುಲ್ಲಿಲ್ಲದಾಗ ಗಿಡದ ಎಲೆ ತಿಂದು ಬದುಕುತ್ತದೆ. ಯಾರ ಕೈಯೂ ತಾಗದೆ ಈಯುತ್ತದೆ. ಅದರ ಮೈಬಣ್ಣಗಳಿಗೆ ಜುಲು ಭಾಷೆಯಲ್ಲಿ ನೂರಾರು ಹೆಸರು. ಚುಕ್ಕೆ ಮೈಯ ಒಂದನ್ನು ನೆಲಗುಬ್ಬಿಯ ಮೊಟ್ಟೆ ಅಂತಲೇ ಕರೀತಾರೆ. ಮದುವೆಯ ತೆರ ಕೊಡೋದೂ ದನದಲ್ಲೇ.

ಕೊಟ್ಟಿಗೆ ತುಂಬಿದ್ದ ಜನ ಇನ್ನೊಬ್ಬರ ಕೂಲಿಗೆ ಯಾಕೆ ಹೋದಾರು? ಬಿಳಿಯರ ಗಣಿಗಳಿಗೋ ಕೂಲಿಯಾಳು ಬೇಕಿತ್ತು. ಬ್ರಿಟಿಷರು ಗುಡಿಸಲುಗಳ ಮೇಲೆ ಕಂದಾಯ ಹಾಕಿದರು. 1879ರಲ್ಲಿ ಜುಲು ರಾಜ್ಯ ಮುರಿದು ಮಂದೆಗಳನ್ನು ಹೊಡಕೊಂಡು ಹೋದರು. 1896-97ರ ದೊಡ್ಡರೋಗಕ್ಕೆ ಉಳಿದ ದನದಲ್ಲೂ ಬಹುಪಾಲು ಸತ್ತವು. ಕೊಟ್ಟಿಗೆ ಬರಿದಾದ ಮನೆಯ ಗಂಡಸರು ಗಣಿಗಿಳಿದರು. 1913ರ ಭೂ ಕಾಯಿದೆ ಕಪ್ಪು ಜನಕ್ಕೆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು 7 ಪಾಲು ಗೊತ್ತುಮಾಡಿ, ಹೊರಗೆ ಕೊಳ್ಳುವಂತಿಲ್ಲ ಅಂದಿತು.

ಆ ತುಂಡು ನೆಲದಲ್ಲಿ ದನ ಬಡಕಲಾದವು. ಆಗ ಅಧಿಕಾರಿಗಳು ಬಂದು, ಇದು ಕೀಳು ತಳಿ ಅಂದರು! ಮೇವಿನ ನೆಲ ಕಿತ್ತುಕೊಂಡವರೇ ರಕ್ತದಲ್ಲಿ ದೋಷ ಕಂಡರು. 1934ರ ಕಾಯಿದೆ ಹಿಡಿದು ನಾಟಿ ಹೋರಿಗಳ ಬೀಜ ಒಡೆಸಿದರು, ಯುರೋಪಿನ ಹೋರಿಗಳನ್ನು ತಂದು ಬಿಟ್ಟರು.

ಗೆಳೆಯರೇ, ಈ ಮಾತು ನಮಗೆ ಹೊಸದೇನು? ಮೊದಲು ಹೊಟ್ಟೆಗಿಲ್ಲದಂತೆ ಮಾಡೋದು, ಆಮೇಲೆ ಹುಟ್ಟೇ ಕೀಳು ಅನ್ನೋದು. ಊರಾಚೆಯ ಕೇರಿಗಳಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನ ತಳಿಗೆ ಉಣ್ಣಿಯ ಔಷಧಿ ಬೇಕು, ದಾಣಿ ಬೇಕು. ನ್ಗುನಿಗೆ ಅಷ್ಟು ಖರ್ಚಿಲ್ಲ, ಮಾಂಸವೂ ಚೆನ್ನ. ಹಾಗಾಗಿ ಕೀಳು ಅಂದ ತಳಿಗೇ 1986ರಲ್ಲಿ ತಳಿಗಾರರ ಸಂಘವಾಯಿತು. ಈಗ ಅದರ ಚರ್ಮ ಉಳ್ಳವರ ನಡುಮನೆಯ ಹಾಸು. ಫೋರ್ಟ್ ಹೇರ್ ವಿಶ್ವವಿದ್ಯಾಲಯದವರು ಹಳ್ಳಿಯ ಜನಕ್ಕೆ ಹೋರಿ, ಕಡಸು ಸಾಲ ಕೊಡುವ ಯೋಜನೆ ನಡೆಸಿದರು. ಕೆಲವು ವರ್ಷದ ಮೇಲೆ ಅಷ್ಟೇ ತಲೆ ದನ ಹಿಂದಿರುಗಿಸಿದರೆ, ಅವು ಮುಂದಿನ ಹಳ್ಳಿಗೆ.

ದನವೇನೋ ಮರಳಿ ಬಂತು. ಮೇಯೋಕೆ ನೆಲ? ಭೂ ಕಾಯಿದೆ 1991ರಲ್ಲಿ ರದ್ದಾಯಿತು. ಆದರೂ 2017ರ ಸರ್ಕಾರಿ ಲೆಕ್ಕದಲ್ಲಿ, ವ್ಯಕ್ತಿಗಳ ಹೆಸರಲ್ಲಿದ್ದ ಬೇಸಾಯದ ಜಮೀನಿನಲ್ಲಿ ನೂರಕ್ಕೆ 72 ಪಾಲು ಬಿಳಿಯರದ್ದೇ. ತಳಿಯ ಮೇಲಿನ ಕಳಂಕ ತೊಳೆದರೆ ಸಾಲದು. ಕಿತ್ತುಕೊಂಡ ನೆಲ ವಾಪಸು ಬರಬೇಕು.