ಯಾವ ಕೇರಿ, ಯಾವ ಸರ್ವರ್?

ಹೊಸಬ ಊರಿಗೆ ಬಂದರೆ ನಮ್ಮ ಕಡೆ ಮೊದಲು ನೀರು ಕೊಡಲ್ಲ, ಪ್ರಶ್ನೆ ಕೇಳ್ತಾರೆ. "ಯಾವೂರಾಯ್ತು?" ಆಮೇಲೆ ಮೆಲ್ಲಗೆ, "ಯಾರ ಪೈಕಿ?" ತಿಪಟೂರಿನ ಸಂತೆಯಲ್ಲೂ ಅದೇ, ತುರುವೇಕೆರೆಯ ಬಸ್‌ಸ್ಟ್ಯಾಂಡಿನಲ್ಲೂ ಅದೇ, ಚಿಕ್ಕನಾಯಕನಹಳ್ಳಿಯ ಚಾದಂಗಡಿಯಲ್ಲೂ ಅದೇ. ಉತ್ತರ ಸಿಕ್ಕ ಮೇಲೇ ಜಗುಲಿಯೋ ಅಂಗಳವೋ, ಮನೆಯ ಲೋಟವೋ ಬೇರೆ ಲೋಟವೋ ಅನ್ನೋದು ತೀರ್ಮಾನ. ಹೊಸಬನನ್ನು ಎಲ್ಲಿ ಕೂರಿಸಬೇಕು ಅನ್ನೋದು ಈ ನಾಡಿನಲ್ಲಿ ಬರೀ ಜಾಗದ ಪ್ರಶ್ನೆಯಾಗಿರಲೇ ಇಲ್ಲ.

ಈಗ ಮಾಸ್ಟೊಡಾನ್ ಅನ್ನೋ ಜಾಲತಾಣದ ಬಾಗಿಲಲ್ಲೂ ಹೊಸಬರಿಗೆ ಒಂದು ಪ್ರಶ್ನೆ ಇದೆ. "ಯಾವ ಸರ್ವರ್?" ಕೇಳೋಕೆ ಮುಗ್ಧವಾಗಿದೆ. ಆದರೆ ಕೇರಿಯಲ್ಲಿ ಹುಟ್ಟಿದ ನಾವು ಇಂಥ ಪ್ರಶ್ನೆಯನ್ನು ಸುಮ್ಮನೆ ದಾಟಿಹೋಗುವವರಲ್ಲ. ಇದರ ಚರಿತ್ರೆ ನೋಡಲೇಬೇಕು.

ಮೊದಲು ಇದು ಏನು ಅಂತ ತಿಳಿಯೋಣ. ಫೇಸ್‌ಬುಕ್, ಟ್ವಿಟರ್‌ಗಳೆಂದರೆ ಒಬ್ಬನೇ ಜಮೀನುದಾರನ ಜಹಗೀರು. ಅಲ್ಲಿ ಎಷ್ಟು ಕೋಟಿ ಜನ ಇದ್ದರೂ ಒಕ್ಕಲುಗಳೇ. ಮಾಸ್ಟೊಡಾನ್ ಹಾಗಲ್ಲ. ಜರ್ಮನಿಯ ಯುವಕ ಯೂಗೆನ್ ರೊಚ್ಕೊ 2016ರಲ್ಲಿ ಹೊರತಂದ ಈ ತಂತ್ರಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮದೇ ಸರ್ವರ್ ನಡೆಸಬಹುದು. ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದು. ಅದಕ್ಕೆ ಆಕ್ಟಿವಿಟಿಪಬ್ ಅನ್ನೋ ಸಾಮಾನ್ಯ ನಿಯಮವಿದೆ. 2018ರ ಜನವರಿಯಲ್ಲಿ ಡಬ್ಲ್ಯು3ಸಿ ಎಂಬ ಜಾಗತಿಕ ವೆಬ್ ಸಂಸ್ಥೆ ಅದನ್ನು ಮಾನ್ಯ ಮಾಡಿತು.

ಅಂಚೆ ಇದ್ದ ಹಾಗೆ ಅಂದುಕೊಳ್ಳಿ. ತಿಪಟೂರು 572201, ಚಿಕ್ಕನಾಯಕನಹಳ್ಳಿ 572214, ತುರುವೇಕೆರೆ 572227. ಅಂಚೆಕಚೇರಿ ಬೇರೆ ಬೇರೆ, ಕಾಗದ ಮಾತ್ರ ಎಲ್ಲಿಂದೆಲ್ಲಿಗೂ ಹೋಗ್ತದೆ. ನಮ್ಮ ಚಳವಳಿಗೆ ಇದು ಹೊಸದೇನಲ್ಲ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ನಾಡೆಲ್ಲ ಹೊತ್ತಿ ಉರಿದಾಗ, ಸ್ವಂತ ಪತ್ರಿಕೆ ಇಲ್ಲದಿದ್ದರೆ ಸ್ವಂತ ಬಾಯಿಯೂ ಇಲ್ಲ ಅಂತ ನಮ್ಮ ಹಿರಿಯರಿಗೆ ಅರ್ಥವಾಯಿತು. ಆ ದಶಕದ 'ಶೂದ್ರ', 'ಪಂಚಮ'ದಂಥ ಸಣ್ಣ ಪತ್ರಿಕೆಗಳು ಒಬ್ಬ ದೊಡ್ಡ ಮಾಲೀಕನ ಕೈಕೆಳಗೆ ಇರಲಿಲ್ಲ. ಒಂದೊಂದಕ್ಕೂ ಒಂದೊಂದು ವಿಳಾಸ. ನಡುವೆ ಅಂಚೆ, ಚಂದಾ, ಗೆಳೆತನ. ಅದೂ ಒಂದು ಒಕ್ಕೂಟವೇ.

ಈ ಹೊಸ ಒಕ್ಕೂಟಕ್ಕೆ ನಮ್ಮ ದೇಶದ ಜನ ಗುಂಪುಗುಂಪಾಗಿ ಹೋದದ್ದು 2019ರ ನವೆಂಬರಿನಲ್ಲಿ. ಅದಕ್ಕೆ ಒಂದು ವರ್ಷದ ಹಿಂದೆ ಟ್ವಿಟರಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ಭಾರತಕ್ಕೆ ಬಂದಿದ್ದಾಗ, ಬ್ರಾಹ್ಮಣಶಾಹಿ ಪಿತೃಪ್ರಭುತ್ವವನ್ನು ಒಡೆಯಿರಿ ಎಂಬ ಭಿತ್ತಿಚಿತ್ರ ಹಿಡಿದು ನಿಂತ. ಅದನ್ನು ಅವನ ಕೈಗೆ ಕೊಟ್ಟವರು ಒಬ್ಬ ದಲಿತ ಕಾರ್ಯಕರ್ತೆ. ಮೇಲ್ಜಾತಿಗಳು ಬೊಬ್ಬೆ ಹಾಕಿದವು, ಕಂಪನಿಯ ಕಾನೂನು ಮುಖ್ಯಸ್ಥೆ ಕ್ಷಮೆ ಕೇಳಿದರು. ದಿನಾ ಜಾತಿ ಬೈಗುಳ ತಿನ್ನುವ ನಮ್ಮವರ ಕ್ಷಮೆ ಯಾರೂ ಕೇಳಿರಲಿಲ್ಲ. 2019ರ ಅಕ್ಟೋಬರ್ ಕೊನೆಗೆ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆ ಬಂದ್ ಆಯಿತು. ಅವರು ಹಾಕಿದ್ದು 1936ರ ಒಂದು ಚಿತ್ರ. ಹ್ಯಾಂಬರ್ಗಿನ ಹಡಗುಕಟ್ಟೆಯಲ್ಲಿ ಎಲ್ಲರೂ ನಾಜಿ ಸಲಾಮು ಹೊಡೆಯುವಾಗ ಕೈಕಟ್ಟಿ ನಿಂತ ಒಬ್ಬನೇ ಒಬ್ಬ ಮನುಷ್ಯನ ಚಿತ್ರ. ಅದೇ ದಿನಗಳಲ್ಲಿ ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಗೂ ಬೀಗ ಬಿತ್ತು. ಟ್ವಿಟರ್ ಜಾತಿವಾದಿ ಅಂತ ದಲಿತ ಬಹುಜನರ ಕೂಗು ಎದ್ದಿತು. ಹಲವರು ಮೂಟೆ ಕಟ್ಟಿ ಮಾಸ್ಟೊಡಾನ್ ಕಡೆ ಹೊರಟರು. ಹೋದವರಲ್ಲಿ ಬಹಳ ಮಂದಿ ಇಳಿದದ್ದು ರೊಚ್ಕೊ ಆಗ ನಡೆಸುತ್ತಿದ್ದ ಒಂದೇ ಸರ್ವರಿನಲ್ಲಿ, ಮಾಸ್ಟೊಡಾನ್.ಸೋಷಿಯಲ್‌ನಲ್ಲಿ.

ಮುಂದಿನ ದೊಡ್ಡ ನೆರೆ 2022ರದು. ಅಕ್ಟೋಬರ್ 27ರಂದು ಈಲಾನ್ ಮಸ್ಕ್ ಟ್ವಿಟರನ್ನು ಕೊಂಡುಕೊಂಡ. ತಿಂಗಳಿಗೆ ಸುಮಾರು 3 ಲಕ್ಷ ಜನ ಬಳಸುತ್ತಿದ್ದ ಮಾಸ್ಟೊಡಾನನ್ನು ನವೆಂಬರಿನಲ್ಲಿ 25 ಲಕ್ಷ ಜನ ಬಳಸಿದರು. ಸರ್ವರ್‌ಗಳು ಏದುಸಿರು ಬಿಟ್ಟವು. ದೊಡ್ಡ ಸರ್ವರ್ ಕೆಲಕಾಲ ಹೊಸಬರನ್ನು ನಿಲ್ಲಿಸಿ, ಬೇರೆ ಸರ್ವರ್‌ಗಳ ಪಟ್ಟಿ ತೋರಿಸಿ, ಅಲ್ಲಿಗೆ ಹೋಗಿ ಅಂದಿತು.

ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೆರೆಗಳು ಒಂಟಿ ಅಲ್ಲ, ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಎಲ್ಲ ನೀರನ್ನೂ ಒಂದೇ ಕೆರೆಗೆ ನುಗ್ಗಿಸಿದರೆ ಏರಿ ಒಡೀತದೆ. ಹಂಚಿಕೊಂಡರೆ ಹತ್ತು ಊರು ಬದುಕ್ತವೆ. ಹೊಸಬರನ್ನು ಹಲವು ಸರ್ವರ್‌ಗಳಿಗೆ ಹಂಚಬೇಕು ಅನ್ನೋರ ವಾದವೂ ಇದೇ.

ಆದರೆ 2023ರ ಮೇ ತಿಂಗಳಲ್ಲಿ ಮಾಸ್ಟೊಡಾನ್ ದಾರಿ ಬದಲಿಸಿತು. ಸರ್ವರ್ ಆರಿಸಿ ಅಂದ ಕೂಡಲೇ ಹೊಸಬರು ಗಾಬರಿಯಾಗಿ ವಾಪಸು ಹೋಗ್ತಾರೆ ಅಂತ, ಏನೂ ಆರಿಸದವರನ್ನು ನೇರ ದೊಡ್ಡ ಸರ್ವರಿಗೇ ಕಳಿಸುವ ಏರ್ಪಾಡಾಯಿತು. ಮತ್ತೆ ಒಂದೇ ಕೆರೆಗೆ ನೀರು ತಿರುಗಿಸ್ತಿದ್ದೀರಿ ಅಂತ ಹಲವರು ಸಿಟ್ಟಾದರು. ಎರಡೂ ಕಡೆ ನ್ಯಾಯವಿದೆ. ಬಾಗಿಲಲ್ಲೇ ತಬ್ಬಿಬ್ಬಾಗುವ ಹೊಸಬನ ಕಷ್ಟ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಮಗೆ ಗೊತ್ತು. ಒಂದೇ ಒಡೆಯನ ಕೈಗೆ ಎಲ್ಲರನ್ನೂ ಕೊಡುವ ಅಪಾಯವೂ ಗೊತ್ತು. 2020ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಕನ್ನಡದಲ್ಲೂ ಮಾತಾಡಿದ ಕೂ ಎಂಬ ತಾಣ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಒಂದೇ ಮನೆ, ಒಂದೇ ಬಾಗಿಲು. ಬಾಗಿಲು ಮುಚ್ಚಿದ ಮೇಲೆ ಒಳಗಿದ್ದವರ ಮಾತೂ ಮುಚ್ಚಿತು.

ಇಷ್ಟಾದರೂ ನಮ್ಮ ಪ್ರಶ್ನೆ ಬೇರೆಯೇ ಇದೆ. ಒಂದೇ ಕೆರೆಯೋ ಹತ್ತು ಕೆರೆಯೋ ಅಂತ ಎಲ್ಲರೂ ಜಗಳವಾಡ್ತಾರೆ. ತೂಬು ಯಾರ ಕೈಯಲ್ಲಿ, ಅಚ್ಚುಕಟ್ಟು ಯಾರ ಹೆಸರಲ್ಲಿ ಅಂತ ಯಾರೂ ಕೇಳ್ತಾ ಇಲ್ಲ.

ಹಳೇ ಮೈಸೂರಿನ ಕೆರೆಗಳಲ್ಲಿ ನೀರು ಹಂಚುತ್ತಿದ್ದವನು ನೀರಗಂಟಿ. ಬಹಳ ಊರುಗಳಲ್ಲಿ ಅವನು ನಮ್ಮವನೇ, ಕೇರಿಯವನೇ. ರಾತ್ರಿ ಎದ್ದು ತೂಬು ಎತ್ತಿದವನು, ಗದ್ದೆಗದ್ದೆಗೂ ಲೆಕ್ಕ ತಪ್ಪದೆ ನೀರು ಬಿಟ್ಟವನು. ಕೆಳಗಿನ ಗದ್ದೆ, ತೋಟ ಮಾತ್ರ ಇನ್ನೊಬ್ಬರದು. ತೋಟಿ, ತಳವಾರ, ನೀರಗಂಟಿಗಳ ಪರಂಪರೆಯ ಚಾಕರಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಕಾಗದದ ಮೇಲೆ ಮುಗಿಯಿತು. ಅದು ಕಲಿಸಿದ ಪಾಠ ಮುಗಿದಿಲ್ಲ. ಹಂಚಿಕೆ ಇದ್ದ ಮಾತ್ರಕ್ಕೆ ಸಮಾನತೆ ಇರಲ್ಲ.

ಸಣ್ಣ ಊರು ಒಳ್ಳೇದು ಅಂತ ಹೇಳೋರನ್ನು ಅಂಬೇಡ್ಕರ್ ನಂಬಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು, ಹಳ್ಳಿಯನ್ನು ಹೊಗಳುವವರ ಮುಖಕ್ಕೆ ಹೇಳಿದರು, ಅದು ಸಂಕುಚಿತತೆಯ, ಅಜ್ಞಾನದ, ಕೋಮುವಾದದ ಗುಂಡಿ ಅಂತ. ಸರ್ವರ್ ಕೂಡ ಒಂದು ಹಳ್ಳಿ. ಅಲ್ಲೂ ಒಬ್ಬ ಯಜಮಾನ. ಯಾರ ಮಾತು ಇರಬೇಕು, ಯಾರದು ಅಳಿಸಬೇಕು, ಯಾರನ್ನು ಹೊರಹಾಕಬೇಕು, ಎಲ್ಲ ಅವನದೇ ತೀರ್ಮಾನ. ದೂರದ ದೊರೆ ಹೋಗಿ ಪಕ್ಕದ ಗೌಡ ಬಂದರೆ ಅದನ್ನು ಸ್ವಾತಂತ್ರ್ಯ ಅನ್ನೋದು ಹ್ಯಾಗೆ?

2019ರ ಮೇ ತಿಂಗಳಲ್ಲಿ ಮಾಸ್ಟೊಡಾನ್ ತನ್ನ ಪಟ್ಟಿಗೆ ಸೇರುವ ಸರ್ವರ್‌ಗಳಿಗೆ ಒಂದು ಕರಾರು ಹಾಕಿತು. ಜನಾಂಗದ್ವೇಷ, ಲಿಂಗತಾರತಮ್ಯ, ಸಲಿಂಗಿಗಳ ಮತ್ತು ಲಿಂಗಾಂತರಿಗಳ ದ್ವೇಷ ತಡೀಬೇಕು. ದಿನಾ ಬ್ಯಾಕಪ್ ತಗೀಬೇಕು. ಯಜಮಾನನ ಹೊರತು ಇನ್ನೊಬ್ಬರ ಕೈಯಲ್ಲೂ ಕೀಲಿ ಇರಬೇಕು. ಮುಚ್ಚುವುದಾದರೆ ಮೂರು ತಿಂಗಳು ಮುಂಚೆ ಹೇಳಬೇಕು. ಒಳ್ಳೆಯ ಕರಾರು. ಅದರಲ್ಲಿ ಜಾತಿ ಅನ್ನೋ ಮಾತಿರಲಿಲ್ಲ. ಆಮೇಲೆ ದೊಡ್ಡ ಸರ್ವರಿನ ನಿಯಮಗಳಲ್ಲಿ ಜಾತೀಯತೆಯೂ ಸೇರಿತು. ಅದು ತಾನಾಗಿ ಯಾರಿಗೂ ಹೊಳೆಯುವ ಮಾತಲ್ಲ. ಹೆಸರಿಟ್ಟು ಕರೆಯದ ರೋಗಕ್ಕೆ ಮದ್ದಿಲ್ಲ. ಅಮೆರಿಕದ ಸಿಯಾಟಲ್ ನಗರ ತಾರತಮ್ಯದ ಕಾನೂನಿಗೆ ಜಾತಿಯನ್ನು ಸೇರಿಸಿದ್ದು ಕೂಡ 2023ರ ಫೆಬ್ರವರಿಯಲ್ಲಿ, ನಮ್ಮವರು ಹೋಗಿ ಸಾಕ್ಷಿ ಹೇಳಿದ ಮೇಲೆ.

ಈಗ ಯೋಚಿಸಿ. ಹಂಚಿಕೆಯ ಹೆಸರಲ್ಲಿ ನಮ್ಮ ನೂರು ಹುಡುಗ ಹುಡುಗಿಯರನ್ನು ನೂರು ಸರ್ವರ್‌ಗಳಿಗೆ ಒಬ್ಬೊಬ್ಬರಂತೆ ಕಳಿಸಿದರೆ? ಒಬ್ಬ ಅಡ್ಡಹೆಸರು ಕೇಳ್ತಾನೆ. ಇನ್ನೊಬ್ಬ ಮೀಸಲಾತಿ ಬಗ್ಗೆ ನಗ್ತಾನೆ. ದೂರು ಕೊಟ್ಟರೆ ದೂರದ ಯಜಮಾನನಿಗೆ ಇದರಲ್ಲಿ ಬೈಗುಳ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಊರಿಗೊಂದೇ ಮನೆ ದಲಿತರಿದ್ದ ಹಳ್ಳಿಯ ಪಾಡು ಅದು.

ಹಾಗಂತ ನಮ್ಮದೇ ಕೇರಿ ಕಟ್ಟಿಕೊಂಡರೆ ಸಾಕಾ? ಒಕ್ಕೂಟದಲ್ಲಿ ಒಂದು ಸರ್ವರ್ ಇನ್ನೊಂದನ್ನು ಇಡಿಯಾಗಿ ದೂರ ಇಡಬಹುದು. ನಮ್ಮ ಭಾಷೆಯಲ್ಲಿ ಅದಕ್ಕೆ ಬಹಿಷ್ಕಾರ ಅಂತಾರೆ. 2019ರ ಜುಲೈಯಲ್ಲಿ ಬಿಳಿಯರ ಜನಾಂಗವಾದಕ್ಕೆ ಮನೆಯಾದ ಗ್ಯಾಬ್ ಮಾಸ್ಟೊಡಾನ್ ತಂತ್ರಾಂಶ ಹಿಡಿದು ಬಂದಾಗ ಸಾಲುಸಾಲು ಸರ್ವರ್‌ಗಳು ಅದನ್ನು ಹೊರಗಿಟ್ಟವು. ಸರಿಯಾದ ಕೆಲಸ. ಅದೇ ಕತ್ತಿ ಒಬ್ಬನ ತಪ್ಪಿಗೆ ಇಡೀ ಕೇರಿಯ ಮೇಲೂ ಬೀಳಬಹುದು. ಕಪ್ಪುಜನ ಕಟ್ಟಿಕೊಂಡಿದ್ದ ಪ್ಲೇವಿಶಸ್ ಎಂಬ ಸರ್ವರ್, ಹೊರಗಿನವರ ಜನಾಂಗದ್ವೇಷದ ಕಾಟ ತಾಳಲಾರದೆ 2020ರಲ್ಲಿ ಮುಚ್ಚಿಹೋಯಿತು. ಬ್ಲ್ಯಾಕ್ ಪ್ಯಾಂಥರ್‌ಗಳಿಂದ ದಲಿತ ಪ್ಯಾಂಥರ್ಸ್ ಹೆಸರು ಪಡೆದ ನಾಡಿನವರು ನಾವು. ಅವರ ಮನೆ ಸುಟ್ಟ ಬೂದಿಯಲ್ಲಿ ನಮಗೂ ಸುದ್ದಿಯಿದೆ.

ದಾರಿ ಅಂಬೇಡ್ಕರರಲ್ಲೇ ಇದೆ. 1942ರ ನಾಗಪುರ ಸಮ್ಮೇಳನ ಅಸ್ಪೃಶ್ಯರಿಗೆ ಪ್ರತ್ಯೇಕ ವಸತಿ ಬೇಕು ಅಂತ ನಿರ್ಣಯ ಮಾಡಿತು. 1947ರ ತಮ್ಮ ಮನವಿಯಲ್ಲಿ ಬಾಬಾಸಾಹೇಬರು ಅದಕ್ಕೆ ಸರ್ಕಾರದ ಜಮೀನು ಕೇಳಿದರು, ವಸತಿ ಆಯೋಗ ಕೇಳಿದರು, ಸಂವಿಧಾನದ ರಕ್ಷಣೆಯನ್ನೂ ಕೇಳಿದರು. ಸ್ವಂತ ನೆಲವೂ ಬೇಕು, ಎಲ್ಲ ಊರನ್ನೂ ಕಟ್ಟಿಹಾಕುವ ಸಾಮಾನ್ಯ ಕಾನೂನೂ ಬೇಕು. ಒಂದು ಬಿಟ್ಟು ಒಂದು ಸಾಲದು.

ಗೆಳೆಯರೇ, ನಾವು ಹಂಚಿಕೆಯ ವಿರೋಧಿಗಳಲ್ಲ. ನಮ್ಮನ್ನು ಹಂಚುವವರು ನಾವೇ ಆಗಿರಬೇಕು, ಅಷ್ಟೆ. ಹೋಗುವುದಾದರೆ ಹತ್ತಿಪ್ಪತ್ತು ಜನ ಜೊತೆಗೇ ಹೋಗೋಣ. ಸೇರುವ ಮುಂಚೆ ಆ ಸರ್ವರಿನ ನಿಯಮ ಓದೋಣ. ಜಾತಿ ಅನ್ನೋ ಪದ ಇದೆಯಾ? ಕನ್ನಡ ಬಲ್ಲ ಒಬ್ಬರು ದೂರು ಕೇಳೋಕೆ ಇದ್ದಾರಾ? ಸಂಘಟನೆಗಳು ಚಂದಾ ಎತ್ತಿ ಸ್ವಂತ ಸರ್ವರ್ ಕಟ್ಟಿದರೆ ಕೀಲಿ ಒಬ್ಬರ ಜೇಬಲ್ಲಿ ಇರಬಾರದು. ಮಾಸ್ಟೊಡಾನ್.ಟೆಕ್ನಾಲಜಿ ಎಂಬ ಸರ್ವರ್ 2022ರ ಕೊನೆಗೆ ಮುಚ್ಚಿತು. ನಡೆಸುತ್ತಿದ್ದ ಒಬ್ಬ ಮನುಷ್ಯನ ಮನೆಯ ಕಷ್ಟವೇ ಅದಕ್ಕೆ ಕಾರಣ. ಸಾವಿರಾರು ಜನ ಬೇರೆ ಮನೆ ಹುಡುಕಬೇಕಾಯಿತು.

ಇನ್ನೊಂದು ಹಕ್ಕು ಮರೀಬಾರದು, ಬಿಟ್ಟುಹೋಗುವ ಹಕ್ಕು. 2019ರ ಅಕ್ಟೋಬರಿನಲ್ಲಿ ಬಂದ ಮಾಸ್ಟೊಡಾನ್ 3.0ರಿಂದ, ಸರ್ವರ್ ಬದಲಿಸಿದರೆ ಹಿಂಬಾಲಿಸುವವರೂ ಜೊತೆಗೆ ಬರ್ತಾರೆ. ಬರೆದದ್ದು ಮಾತ್ರ ಬರಲ್ಲ, ಹಳೇ ಹಟ್ಟಿಯಲ್ಲೇ ಉಳೀತದೆ. ಹಾಗಾಗಿ ಬರೆದದ್ದರ ಒಂದು ಪ್ರತಿ ಕೈಯಲ್ಲಿ ಇಟ್ಟುಕೊಳ್ಳಿ. ತೋಟದವನ ಅಟ್ಟದಲ್ಲಿ ವರ್ಷವಿಡೀ ಒಣಗುವ ಕೊಬ್ಬರಿಯನ್ನು ಹೊತ್ತವರು ನಾವು. ಅದು ನಮ್ಮದಾಗಲಿಲ್ಲ. ನಮ್ಮ ಮಾತೂ ಹಾಗೆ ಬೇರೆಯವರ ಅಟ್ಟದಲ್ಲಿ ಒಣಗೋದು ಬೇಡ.

ನಾಳೆ ನಮ್ಮ ಹುಡುಗಿಯೊಬ್ಬಳು ಫೋನ್ ಹಿಡಿದು ಕೂತಾಗ ಪ್ರಶ್ನೆ ಬಂದೇ ಬರ್ತದೆ, "ಯಾವ ಸರ್ವರ್?" ಅವಳ ಪಕ್ಕ ಅದನ್ನು ಬಿಡಿಸಿ ಹೇಳುವವರು ಒಬ್ಬರು ಇರಬೇಕು. ಹಳ್ಳಿ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಆ ಒಬ್ಬರು ನೀವಾಗಿ.