ತಪಾಸಣೆ ಮುಗಿದ ಮೇಲೆ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಿಗೆ ಜನ ಮುಗಿಬಿದ್ದರು. ಒಂದು ಇಸಿಜಿ, ಒಂದು ಎಕೋ ಮಾಡಿಸಿಕೊಂಡರೆ ಜೀವ ಉಳಿದೀತೆಂಬ ನಂಬಿಕೆ. ತಜ್ಞರ ಸಮಿತಿಗೆ ಹೊಸ ರೋಗವೇನೂ ಸಿಗಲಿಲ್ಲ; ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ಹಳೆಯ ಕಾರಣಗಳೇ ಎದುರಾದವು. ಜನರ ಗಾಬರಿ ಸಹಜ. ಆತಂಕ ಹುಟ್ಟಿಸುವುದು ವೈದ್ಯ ವಲಯದಲ್ಲೇ ಬಲವಾಗುತ್ತಿರುವ ಇನ್ನೊಂದು ಮಾತು: ಊಟ ಬದಲಿಸಿ, ನಡೆಯಿರಿ, ಬೀಡಿ ಬಿಡಿ ಎನ್ನುವುದರಿಂದ ಹೃದ್ರೋಗ ತಡೆಯಲಾಗದೆಂದು ಅಧ್ಯಯನಗಳು ಸಾಬೀತುಪಡಿಸಿವೆ, ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರ ಮಾತ್ರೆ ಕೊಟ್ಟು ಕಳಿಸಿದರೆ ಸಾಕು ಎಂಬುದು. ಆ ಅಧ್ಯಯನಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಈ ತೀರ್ಮಾನ ನಿಲ್ಲುವುದಿಲ್ಲ.

ಮೊದಲ ಘಟ್ಟ ಎಲ್ಲರಿಗೂ ಗೊತ್ತಿರುವುದೇ. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಅಧ್ಯಯನ ಅಪಾಯದ ಅಂಶಗಳನ್ನು ಗುರುತಿಸಿತು. 1972ರಲ್ಲಿ ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ ಇಡೀ ಪ್ರಾಂತ್ಯದ ಬೆಣ್ಣೆ, ಸಿಗರೇಟು, ಉಪ್ಪನ್ನು ಕಡಿಮೆ ಮಾಡಿಸುವ ಕೆಲಸ ಆರಂಭವಾಯಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ ಗಂಡಸರನ್ನು ಏಳು ವರ್ಷ ಗಮನಿಸಿದ ಎಂಆರ್‌ಎಫ್‌ಐಟಿ ಎಂಬ ಪ್ರಯೋಗ ಮಾತ್ರ 1982ರಲ್ಲಿ ನಿರಾಸೆ ತಂದಿತು. ಹೋಲಿಕೆಗಿಟ್ಟ ಗುಂಪಿನವರೂ ಅಷ್ಟರಲ್ಲಿ ಸಿಗರೇಟು ಕಡಿಮೆ ಮಾಡಿದ್ದರು.

ನಮ್ಮ ಪೀಳಿಗೆ ಹೃದ್ರೋಗ ತಡೆಯುವ ಈ ಕ್ಷೇತ್ರಕ್ಕೆ ಬಂದದ್ದು 1994ರ ಎರಡು ಬ್ರಿಟಿಷ್ ವರದಿಗಳ ನೆರಳಿನಲ್ಲಿ. ಬ್ರಿಟಿಷ್ ಫ್ಯಾಮಿಲಿ ಹಾರ್ಟ್ ಸ್ಟಡಿ ಮತ್ತು ಆಕ್ಸ್‌ಚೆಕ್, ಎರಡರಲ್ಲೂ ಕುಟುಂಬ ವೈದ್ಯರ ಕ್ಲಿನಿಕ್ಕಿನ ನರ್ಸುಗಳೇ ತಪಾಸಣೆ ನಡೆಸಿ ಸಲಹೆ ಕೊಟ್ಟರು. ಮೊದಲನೆಯದರಲ್ಲಿ ಒಂದು ವರ್ಷದ ಬಳಿಕ ಹೃದ್ರೋಗದ ಅಂದಾಜು ಅಪಾಯ ಶೇ. 16ರಷ್ಟು ತಗ್ಗಿತ್ತು. ‘ಇಷ್ಟೇನಾ?’ ಎಂಬ ಉದ್ಗಾರ ಅಂದೇ ಎದ್ದಿತು. 2014ರಲ್ಲಿ ಡೆನ್ಮಾರ್ಕಿನ ಇಂಟರ್99 ಅಧ್ಯಯನ ಹತ್ತು ವರ್ಷದ ಲೆಕ್ಕ ಮುಂದಿಟ್ಟು ಹೃದ್ರೋಗದಲ್ಲಿ ವ್ಯತ್ಯಾಸವೇ ಇಲ್ಲವೆಂದಾಗ ಆ ಉದ್ಗಾರ ತೀರ್ಪಾಯಿತು. ಆದರೆ ಅಲ್ಲಿ ಕರೆ ಹೋದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಬಂದಿರಲೇ ಇಲ್ಲ. ಬಂದವರಿಗೂ ಐದು ವರ್ಷದಲ್ಲಿ ಹೆಚ್ಚೆಂದರೆ ನಾಲ್ಕು ಸಲ ಸಲಹೆ. ಮೂವತ್ತು ನಲವತ್ತು ವರ್ಷದ ಊಟದ ರೂಢಿ ಅಷ್ಟರಲ್ಲಿ ಬದಲಾಗಬೇಕಿತ್ತೆಂದು ಬಯಸಿದವರು ಕಾರ್ಯಕ್ರಮವನ್ನು ತೂಗಲಿಲ್ಲ, ಅದರ ತೆಳುತನವನ್ನು ತೂಗಿದರು.

ಇದರ ಪಕ್ಕದಲ್ಲಿ ಚೀನಾದ ದಾಚಿಂಗ್ ನಗರವನ್ನಿಡಬೇಕು. 1986ರಲ್ಲಿ ಅಲ್ಲಿನ 33 ಕ್ಲಿನಿಕ್ಕುಗಳಲ್ಲಿ ಶುರುವಾದ ಅಧ್ಯಯನ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಆರು ವರ್ಷ ಊಟ, ವ್ಯಾಯಾಮ ಕಲಿಸಿತು. ಮೊದಲ ತಿಂಗಳು ವಾರಕ್ಕೊಮ್ಮೆ ಭೇಟಿ, ನಂತರ ನಿಧಾನವಾಗಿ ವಿರಳ, ಆದರೆ ಕೈಬಿಟ್ಟದ್ದಿಲ್ಲ. ಮೂವತ್ತು ವರ್ಷದ ಬಳಿಕ, 2019ರಲ್ಲಿ ಬಂದ ಫಲಿತಾಂಶ: ಹೃದಯ-ರಕ್ತನಾಳದ ತೊಂದರೆಗಳು ಶೇ. 26, ಅವುಗಳಿಂದಾದ ಸಾವುಗಳು ಶೇ. 33 ಕಡಿಮೆ. ಈ ಕ್ಷೇತ್ರದ ಅತಿ ಮುಖ್ಯ ದಾಖಲೆಯಿದು. ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ. ನಮ್ಮಲ್ಲೂ ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರನ್ನೇ ಆರಿಸಿಕೊಂಡಿತ್ತು. ಜೀವನಶೈಲಿ ಬದಲಾವಣೆಯಿಂದ ಸಕ್ಕರೆ ಕಾಯಿಲೆಯ ಅಪಾಯ ಶೇ. 28.5 ಇಳಿಯಿತು, ಅದರ ಜೊತೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಸಕ್ಕರೆ ಕಾಯಿಲೆ ಬೇರೂರಿದವರ ಮೇಲೆ ನಡೆದ ಅಮೆರಿಕದ ಲುಕ್ ಅಹೆಡ್ ಅಧ್ಯಯನ ಹೃದಯಕ್ಕೆ ಇಂಥ ಲಾಭ ತೋರಿಸಲಿಲ್ಲ, ನಿಜ. ಬೇಗ ಆರಂಭಿಸಬೇಕು ಎಂಬುದಕ್ಕೆ ಅದು ಇನ್ನೊಂದು ಕಾರಣ.

ಮಾತ್ರೆಯ ಪಕ್ಷದವರ ಗಟ್ಟಿ ಆಕ್ಷೇಪ ಹರಿಯಾಣ ಮತ್ತು ಟಿಬೆಟ್‌ನ ಹಳ್ಳಿಗಳಿಂದ ಬರುತ್ತದೆ. 2015ರ ಸಿಮ್‌ಕಾರ್ಡ್ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತರು ತಿಂಗಳಿಗೊಮ್ಮೆ ಭೇಟಿಯಾದರು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚಿದರು, ಬೀಡಿ ಮತ್ತು ಉಪ್ಪು ಕದಲಲಿಲ್ಲ. ಇದನ್ನು ತಳ್ಳಿಹಾಕಲಾಗದು. ಆದರೆ ಉಪ್ಪು ಬೀಳುವುದು ಅಡುಗೆಮನೆಯಲ್ಲಿ, ಸಲಹೆ ಹೋಗುವುದು ಬಹುಪಾಲು ರೋಗಿಯ ಕಿವಿಗೆ. ಚೀನಾದ 600 ಹಳ್ಳಿಗಳ ಅಧ್ಯಯನವೊಂದರಲ್ಲಿ ಉಪದೇಶದ ಬದಲು ಉಪ್ಪನ್ನೇ ಬದಲಿಸಿ, ಪೊಟ್ಯಾಸಿಯಂ ಬೆರೆಸಿದ್ದನ್ನು ಮನೆಗೆ ಕೊಟ್ಟಾಗ ಪಾರ್ಶ್ವವಾಯು ಶೇ. 14 ತಗ್ಗಿತು. ಮೂತ್ರಪಿಂಡದ ತೊಂದರೆಯಿರುವವರಿಗೆ ಅದು ಸಲ್ಲದು ಎಂಬ ಎಚ್ಚರವಂತೂ ಬೇಕು. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದಲ್ಲಿ ನಡೆದ ಕೋಬ್ರಾ-ಬಿಪಿಎಸ್ ಅಧ್ಯಯನ ಸರ್ಕಾರಿ ಕಾರ್ಯಕರ್ತೆಯರ ಮನೆಭೇಟಿಯನ್ನೂ ವೈದ್ಯರ ತರಬೇತಿಯನ್ನೂ ಜೋಡಿಸಿತು. ಎರಡು ವರ್ಷದಲ್ಲಿ ಮೇಲಿನ ರಕ್ತದೊತ್ತಡ ಹೋಲಿಕೆಯ ಗುಂಪಿಗಿಂತ 5 ಅಂಕಿಯಷ್ಟು ಹೆಚ್ಚು ಇಳಿಯಿತು. ಹರಿಯಾಣ, ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದ, ಟ್ಯಾಬ್ಲೆಟ್ ಕಂಪ್ಯೂಟರ್ ನೆಚ್ಚಿಕೊಂಡ ಎಂವೆಲ್‌ಕೇರ್ ಪ್ರಯೋಗ ಬಿಪಿ, ಶುಗರ್ ಎರಡರಲ್ಲೂ ವ್ಯತ್ಯಾಸ ತರಲಿಲ್ಲ. ಹೊಸ ಆ್ಯಪ್‌ಗಳ ಉದ್ಘಾಟನೆಗೆ ಧಾವಿಸುವವರು ಇದನ್ನು ಓದಬೇಕು.

ಇಷ್ಟಾದರೂ ಕೊರತೆಗಳು ದೊಡ್ಡವೇ. ನಮ್ಮ ಕಡೆಯ ಬಹುತೇಕ ಅಧ್ಯಯನಗಳು ಒಂದೆರಡು ವರ್ಷಕ್ಕೆ ಮುಗಿಯುತ್ತವೆ. ಅಡುಗೆ ಮಾಡುವ ಹೆಂಗಸರನ್ನು ಕೇಂದ್ರದಲ್ಲಿಟ್ಟು ರೂಪಿಸಿದವು ವಿರಳ. ಹಾಗೆಯೇ ಭೇಟಿಯ ಹೊಣೆ ಹೊತ್ತ ಆಶಾ ಕಾರ್ಯಕರ್ತೆಯ ಸಮಯವನ್ನು ಖರ್ಚೆಂದು ಲೆಕ್ಕ ಹಾಕುವುದೂ ಅಪರೂಪ. ಬಾಣಂತಿ, ಲಸಿಕೆ, ಸಮೀಕ್ಷೆಗಳ ನಡುವೆ ಉಳಿದ ಗಂಟೆಯಲ್ಲಿ ಆಕೆ ಇದನ್ನೂ ಮಾಡಬೇಕು. 2024ರಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯದ ಗೃಹ ಆರೋಗ್ಯ ಯೋಜನೆ ಮೂವತ್ತು ದಾಟಿದವರ ಮನೆಬಾಗಿಲಿಗೆ ತಪಾಸಣೆ ಒಯ್ದಿದೆ. ಒಳ್ಳೆಯ ಹೆಜ್ಜೆ. ಅದರ ಯಶಸ್ಸನ್ನು ಎಷ್ಟು ಜನರ ತಪಾಸಣೆಯಾಯಿತು ಎಂಬ ಸಂಖ್ಯೆಯಿಂದ ಅಳೆದರೆ ತೆಳುತನವನ್ನೇ ತೂಗುವ ಹಳೆಯ ತಪ್ಪು ಮರುಕಳಿಸುತ್ತದೆ. 2017ರಲ್ಲಿ ಐದು ರಾಜ್ಯಗಳಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಯೋಜನೆ ಎಷ್ಟು ಜನರ ಬಿಪಿ ಹತೋಟಿಗೆ ಬಂತೆಂದು ಲೆಕ್ಕವಿಡುವುದನ್ನು ಸರ್ಕಾರಿ ಆಸ್ಪತ್ರೆಗಳಿಗೆ ರೂಢಿ ಮಾಡಿಸಿತು. ಬಿಪಿಗೆ ಸಾಧ್ಯವಾದದ್ದು ಬೀಡಿಗೂ ಸಾಧ್ಯ: ತಪಾಸಣೆಯ ದಿನ ಸೇದುತ್ತಿದ್ದವರಲ್ಲಿ ವರ್ಷದ ಬಳಿಕ ಬಿಟ್ಟವರೆಷ್ಟು, ನಡುವೆ ಅವರ ಮನೆಗೆ ಎಷ್ಟು ಸಲ ಹೋಗಲಾಯಿತು ಎಂಬ ಎರಡು ಕಲಮು ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಸಿಕ ವರದಿಗೆ ಸೇರಬೇಕು, ಆ ಭೇಟಿಗಳಿಗೆ ಆಶಾಗೆ ಪ್ರತ್ಯೇಕ ಗೌರವಧನವೂ ಸಿಗಬೇಕು.