ಕಪ್ಪೆಯ ವಂಶಕ್ಕೆ ತಂಪಿನ ಆಸರೆ

ಮಳೆ ಕೈಕೊಟ್ಟ ವರ್ಷ ಕಪ್ಪೆಗೆ ಮದುವೆ ಮಾಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಉಂಟು. ಕಪ್ಪೆಯ ಸಂತಾನ ಹೇಗೆ ಆಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದವರು ಇಟಲಿಯ ಪಾದ್ರಿ, ಪಾವಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲಾಜ್ಜರೋ ಸ್ಪಲ್ಲಂಜಾನಿ (1729–1799). ಅವರು ಗಂಡು ಕಪ್ಪೆಗಳಿಗೆ ಬಟ್ಟೆಯ ಚಡ್ಡಿ ತೊಡಿಸಿದರು! ಹೆಣ್ಣು ಇಟ್ಟ ಮೊಟ್ಟೆಗಳು ಫಲಗೊಳ್ಳಲಿಲ್ಲ. ಚಡ್ಡಿಯಲ್ಲಿ ಉಳಿದ ವೀರ್ಯವನ್ನು ಮೊಟ್ಟೆಗಳಿಗೆ ಸವರಿದಾಗ ಗೊದಮೊಟ್ಟೆಗಳು ಹುಟ್ಟಿದವು. ಹಿಮದ ತಂಪಿಗೆ ವೀರ್ಯಾಣುಗಳ ಓಡಾಟ ನಿಂತು, ಬೆಚ್ಚಗಾದಾಗ ಮರಳುವುದನ್ನೂ ಅವರು 1776ರಲ್ಲಿ ಗುರುತಿಸಿದರು.

ಮುಂದಿನ ಹೆಜ್ಜೆ ಬಂದದ್ದು ಹೆಂಗಸರ ವೈದ್ಯದಿಂದ. 1947ರಲ್ಲಿ ಅರ್ಜೆಂಟೀನಾದ ಡಾಕ್ಟರ್ ಕಾರ್ಲೋಸ್ ಗಲ್ಲಿ ಮೈನಿನಿ ಬಸುರಿಯ ಮೂತ್ರವನ್ನು ಗಂಡು ನೆಲಗಪ್ಪೆಗೆ ಚುಚ್ಚಿದರು. ಕೆಲವೇ ಗಂಟೆಗಳಲ್ಲಿ ಕಪ್ಪೆಯ ಮೂತ್ರದಲ್ಲಿ ವೀರ್ಯಾಣು ಕಾಣಿಸಿತು. ಗರ್ಭ ನಿಂತಿದೆಯೇ ಎಂದು ತಿಳಿಯಲು ಹಲವು ದೇಶಗಳಲ್ಲಿ ಈ ಪರೀಕ್ಷೆ ಬಳಕೆಗೆ ಬಂತು. ಕಪ್ಪೆಯನ್ನು ಕೊಲ್ಲದೆ ವೀರ್ಯ ಪಡೆಯಬಹುದು ಎಂಬ ದಾರಿಯೂ ಅದರಿಂದಲೇ ತೆರೆಯಿತು.

ಆ ದಾರಿಯ ಬೆಲೆ ತಿಳಿದದ್ದು ಕಪ್ಪೆಗಳು ಸಾಯತೊಡಗಿದಾಗ. ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರವೇ ಅನೇಕ ಕಡೆ ಕಾರಣವೆಂದು 1998ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಳಿದುಳಿದವನ್ನು ಮೃಗಾಲಯಗಳಲ್ಲಿ ಸಾಕಿದರು. ಆದರೆ ಗಾಜಿನ ತೊಟ್ಟಿಗೆ ಮಳೆಗಾಲ ಎಲ್ಲಿಂದ ಬರಬೇಕು? ಹಾರ್ಮೋನು ಚುಚ್ಚಿದರೂ ಗಂಡು ಇಂದು ಸಿದ್ಧವಾದರೆ ಹೆಣ್ಣು ನಾಳೆಯೋ ನಾಡಿದ್ದೋ.

ಕಪ್ಪೆಯ ಮೈಯೊಳಗೆ ವೀರ್ಯಾಣು ನಿದ್ರಿಸುತ್ತಿರುತ್ತದೆ. ಸಿಹಿನೀರು ತಗಲಿದೊಡನೆ ಎಚ್ಚೆತ್ತು ಈಜಿ, ಬೇಗ ದಣಿಯುತ್ತದೆ. ಆದ್ದರಿಂದ ಅದನ್ನು ಹದವಾದ ಉಪ್ಪುದ್ರವದಲ್ಲಿ, ಸುಮಾರು 4 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಹೆಪ್ಪುಗಟ್ಟಲು ಬಿಡುವುದಿಲ್ಲ. ಹೀಗೆ ಅನೇಕ ಜಾತಿಗಳ ವೀರ್ಯ ಕೆಲವು ದಿನ ಉಪಯೋಗಕ್ಕೆ ಬರುತ್ತದೆ. ಮೊಟ್ಟೆ ಬಂದಾಗ ನೀರು ಬೆರೆಸಿ ಎಚ್ಚರಿಸಿದರಾಯಿತು. ಪ್ರಾಣಿಯನ್ನೇ ದೂರದ ಮೃಗಾಲಯಕ್ಕೆ ಸಾಗಿಸುವ ಬದಲು ಒಂದು ತಂಪುಪೆಟ್ಟಿಗೆ ಸಾಗಿಸಬಹುದು.

ಬ್ಯಾಂಕಿನ ಭಾಷೆಯಲ್ಲಿ ಇದು ಉಳಿತಾಯ ಖಾತೆ, ಬೇಕೆಂದಾಗ ತೆಗೆಯಬಹುದು. ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡುವುದು ಮುದ್ದತು ಠೇವಣಿ. ಅದರಲ್ಲಿ ಬಹಳಷ್ಟು ವೀರ್ಯಾಣು ಸಾಯುತ್ತವೆ, ಆದರೂ ಫಲ ಸಿಕ್ಕಿದೆ. ಪೋರ್ಟೋ ರಿಕೋ ದ್ವೀಪದ ಕಾಡುಗಪ್ಪೆಯ ವೀರ್ಯವನ್ನು ಹೆಪ್ಪುಗಟ್ಟಿಸಿ ತಂದು, 2019ರಲ್ಲಿ ಅಮೆರಿಕದ ಫೋರ್ಟ್ ವರ್ತ್ ಮೃಗಾಲಯದಲ್ಲಿ ಮರಿ ಪಡೆದರು. ಹೆಸರು ಓಲಾಫ್. ಅಪ್ಪ ಮಾತ್ರ ತನ್ನ ದ್ವೀಪ ಬಿಟ್ಟು ಕದಲಲಿಲ್ಲ!

ಇಷ್ಟೆಲ್ಲ ಮಾಡಿದರೂ ಮರಿ ಬಿಡಲು ಹೊಂಡ ಉಳಿದಿರಬೇಕು. ಹೊಂಡವನ್ನು ಯಾವ ಪೆಟ್ಟಿಗೆಯಲ್ಲೂ ತಂಪಾಗಿಟ್ಟು ಕಾಯಲಾಗದು. ಅದನ್ನು ಊರಿನವರೇ ಕಾಯಬೇಕು.